ಗೋಡೆಯ ಮೇಲಿನ ಹೊಳೆ

ಚಿತ್ರಕಲಾ ಶಿಕ್ಷಕರಾಗಿ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮಿಂದ ಚಿತ್ರ ಬರೆಸುವವರು ಕಡಿಮೆ, ಅಕ್ಷರ ಬರೆಸುವವರು ಹೆಚ್ಚು. ಗ್ಯಾದರಿಂಗು ಎನ್ನುವ ಶಾಲಾ ವಾರ್ಷಿಕೋತ್ಸವದ ಪರದೆಗೆ, ಬೀಳ್ಕೊಡುಗೆಯ ಬ್ಯಾನರಿಗೆ, ಬಿಸಿಯೂಟದ ಕೋಣೆಯ ಬಾಗಿಲಿಗೆ, ಮತಗಟ್ಟೆಯ ಬಾಣದ ಗುರುತಿಗೆ, ಎಲ್ಲದಕ್ಕೂ ನೀವೇ ಬೇಕು. ರೋಣದಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಷ, ಗ್ಯಾದರಿಂಗಿಗೆ ಬರುವ ಅತಿಥಿಗಳಿಗಾಗಿ ವೇದಿಕೆಯ ಮೇಲೆ ದೊಡ್ಡದಾಗಿ 'ಸುಸ್ವಾಗತ' ಬರೆಯಲು ಹೋಗಿ ಒತ್ತಕ್ಷರ ತಪ್ಪಿ 'ಸುಸ್ತಾಗತ' ಎಂದು ಬರೆದಿದ್ದೆ. ಯಾರೂ ಗಮನಿಸಲಿಲ್ಲ. ಗದಗಿನಿಂದ ಬಂದ ಅತಿಥಿ ಮೈಕು ಹಿಡಿದವರೇ, "ಖರೇ ಬರದಾರ್ರಿ. ನಿಮ್ಮ ರಸ್ತಾದಾಗ ಬಂದ್ರ ಯಾರಿಗಾದ್ರೂ ಸುಸ್ತ ಆಗತೈತಿ" ಅಂದರು. ಸಭೆಯೆಲ್ಲ ನಕ್ಕಿತು. ನಾನು ಪರದೆಯ ಹಿಂದೆ ಅಡಗಿ ನಿಂತಿದ್ದೆ.

ಅಕ್ಷರ ಬಿಟ್ಟರೆ ಉಳಿದದ್ದು ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ತಯಾರಿ. ಹೂಜಿ, ಬಟ್ಟಲು, ಎರಡು ಬದನೆಕಾಯಿ ಇಟ್ಟು ಬರೆಸುವುದು. ಬೆಳಕು ಎಡದಿಂದ, ನೆರಳು ಬಲಕ್ಕೆ. ನೆರಳು ಅಂದರೆ ಕಪ್ಪು. ಮೈಬಣ್ಣ ಅಂದರೆ ಬಿಳಿ, ಹಳದಿ, ಸ್ವಲ್ಪ ಕಂದು. ನನಗೆ ಹಾಗೆ ಕಲಿಸಿದ್ದರು, ನಾನೂ ಹಾಗೆ ಕಲಿಸಿದೆ. ಗಜೇಂದ್ರಗಡದಲ್ಲಿ ನನ್ನ ತಂದೆ ಮಗ್ಗಗಳಿಗೆ ನೂಲು ಅದ್ದಿ ಬಣ್ಣ ಹಾಕುತ್ತಿದ್ದವರು. ಅವರ ಕೈಯ ಬಣ್ಣ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಹೀಗಾಗಿ ಬಣ್ಣದ ವಿಷಯದಲ್ಲಿ ನನಗೆ ತಿಳಿಯದ್ದು ಹೆಚ್ಚೇನೂ ಇಲ್ಲ ಎಂಬ ಧೈರ್ಯ ನನ್ನದು. ಆ ಧೈರ್ಯ ಒಂದು ತರಬೇತಿಯಲ್ಲಿ ಹೋಯಿತು.

ಆಗಷ್ಟೇ ತರಬೇತಿಗಳಿಗೆ ಪ್ರೊಜೆಕ್ಟರ್ ಬಂದಿತ್ತು. ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲೆ ಮಾಡಿದ ಕೋಣೆಯಲ್ಲಿ ಸಂಪನ್ಮೂಲ ವ್ಯಕ್ತಿ ಒಂದಾದ ಮೇಲೊಂದು ಚಿತ್ರ ತೋರಿಸುತ್ತಿದ್ದರು. ನಡುವೆ ಒಂದು ವಿದೇಶಿ ಚಿತ್ರ ಬಂತು. ಬಿಸಿಲಿನಲ್ಲಿ, ನೀರಿನ ದಂಡೆಯಲ್ಲಿ ಮಕ್ಕಳು ಸ್ನಾನ ಮಾಡುತ್ತಿದ್ದಾರೆ, ಅಷ್ಟೇ. ಆದರೆ ಮಕ್ಕಳಿಗೆ ಮುಖವಿಲ್ಲ. ಕಣ್ಣು, ಮೂಗು ಇರಬೇಕಾದಲ್ಲಿ ಕುಂಚದ ಒಂದೆರಡು ಒರೆತ. ಒಬ್ಬ ಹುಡುಗನ ಬೆನ್ನು ನೇರಳೆ. ಇನ್ನೊಬ್ಬನ ತೊಡೆಯ ಮೇಲೆ ಹಸಿರು. ಮರಳಿನ ಮೇಲೆ ಬಿದ್ದ ನೆರಳು ನೀಲಿ. ಕಪ್ಪು ಎಲ್ಲಿಯೂ ಇಲ್ಲ. ನನಗೆ ಸಿಟ್ಟೇ ಬಂತು. ಆದರೂ ಆ ಚಾದರ ಕಟ್ಟಿದ ಕೋಣೆಯಲ್ಲಿ ಕೂತವಳಿಗೆ ಮುಖಕ್ಕೆ ಬಿಸಿಲು ಬಡಿದಂತಾಗಿ ಕಣ್ಣು ಕಿರಿದು ಮಾಡಿದೆ. ಪರದೆಯ ಮೇಲಿನ ಬಿಸಿಲಿಗೆ ನಾನೇಕೆ ಕಣ್ಣು ಕಿರಿದು ಮಾಡಬೇಕು?

ಎದ್ದು ನಿಂತು ಕೇಳಿದೆ: "ಸರ್, ನೆರಳು ನೀಲಿ ಹ್ಯಾಂಗ ಆಗತೈತ್ರಿ?"

"ಅದು ಆ ಶೈಲಿ ಮೇಡಂ. ಇಂಪ್ರೆಷನಿಸಂ ಅಂತಾರ" ಎಂದು ಅವರು ಮುಂದಿನ ಚಿತ್ರಕ್ಕೆ ಹೋದರು.

ಚಹಾದ ವೇಳೆಗೆ ಅವರನ್ನು ಬೇಡಿಕೊಂಡು ಆ ಚಿತ್ರವನ್ನು ಮತ್ತೆ ಹಾಕಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಮೊಬೈಲಿನಲ್ಲಿ ನೇರಳೆ ಹೋಗಿ ಬೂದು ಆಗಿತ್ತು. ನರಗುಂದದ ಒಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಅಲ್ಲಿ ಎಲ್ಲವೂ ಗುಲಾಬಿಗೆ ತಿರುಗಿತು. ಪರದೆಯ ಮೇಲೆ ಒಂದು ಬಣ್ಣ, ಮೊಬೈಲಿನಲ್ಲಿ ಇನ್ನೊಂದು, ಕಾಗದದಲ್ಲಿ ಮತ್ತೊಂದು. ಚಿತ್ರಕಾರ ಹಚ್ಚಿದ ಬಣ್ಣ ಯಾವುದು? ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಗುಲಾಬಿ ಪ್ರಿಂಟನ್ನು ಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿ, ಬೆಳಿಗ್ಗೆ ಚಹಾ ಕುಡಿಯುವಾಗ ನೋಡುವುದು ರೂಢಿಯಾಯಿತು. ನೋಡಿದಷ್ಟೂ ಗೊಂದಲ ಹೆಚ್ಚಿತು.

ಕೆಲ ಕಾಲದ ನಂತರ ಹೊಳೆಯ ದಂಡೆಯ ಒಂದು ಊರಿಗೆ ನನಗೆ ವರ್ಗವಾಯಿತು. ಕೊಣ್ಣೂರಿನಿಂದ ಹೆಚ್ಚು ದೂರವಿಲ್ಲ. ಊರಿನ ಹೆಸರು ಬೇಡ. ಶಾಲೆಯ ಗೇಟಿನಿಂದ ಮಲಪ್ರಭೆ ಕಾಣುತ್ತಿತ್ತು. ಮಳೆಗಾಲದಲ್ಲಿ ಹೊಳೆ ಕೆಮ್ಮಣ್ಣು ಕದಡಿಕೊಂಡು ಕೆಂಪಗೆ, ದಪ್ಪಗೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ತಿಳಿಯಾಗುತ್ತದೆ. ಆಗ ಹುಡುಗರು ಎಮ್ಮೆ ಮೈತೊಳೆಯುವ ನೆಪ ಮಾಡಿಕೊಂಡು ನೀರಿಗಿಳಿಯುತ್ತಾರೆ. ಭಾನುವಾರ ನಾನು ಬಟ್ಟೆ ಒಗೆಯುವ ಕಲ್ಲುಗಳ ಮೇಲ್ಗಡೆ, ಜಾಲಿ ಮರದ ಕೆಳಗೆ ಕೂತು ನೋಡತೊಡಗಿದೆ.

ನೋಡಿದರೆ, ನೀರಿನಿಂದ ಎದ್ದ ಹುಡುಗನ ಬೆನ್ನು ಕಂದು ಬಣ್ಣದ್ದಾಗಿರಲಿಲ್ಲ. ಬೆನ್ನಿನ ಮೇಲ್ಭಾಗದಲ್ಲಿ ಆಕಾಶವಿತ್ತು, ಒಂದು ತೆಳು ನೀಲಿ ಹೊಳಪು. ಗದ್ದದ ಕೆಳಗೆ, ನೆರಳಿರಬೇಕಾದಲ್ಲಿ, ಮರಳಿನ ಬಿಸಿಲು ಮೇಲಕ್ಕೆ ಬಡಿದು ಬೆಚ್ಚಗಿನ ಹಳದಿ. ಮರಳಿನ ಮೇಲಿನ ನೆರಳು ನೀಲಿಯೋ, ನೇರಳೆಯೋ, ಖಂಡಿತ ಕಪ್ಪಲ್ಲ. ಸಂತೋಷದಿಂದ ಎದ್ದು ನಿಂತೆ. ಅಷ್ಟರಲ್ಲಿ ಒಂದು ಮೋಡ ಅಡ್ಡ ಬಂತು. ಹುಡುಗ ಮತ್ತೆ ಕಂದು, ನೆರಳು ಇಲ್ಲವೇ ಇಲ್ಲ. ಮೋಡ ಸರಿಯಿತು. ಈಗ ನೋಡುತ್ತೇನೆ, ಬೆನ್ನ ಮೇಲೆ ಹಸಿರು. ಅದು ನಿಜವಾಗಿ ಅಲ್ಲಿತ್ತೋ, ಕಪಾಟಿನ ಬಾಗಿಲಿನ ಆ ಪ್ರಿಂಟು ನನ್ನ ಕಣ್ಣಿನಲ್ಲಿ ಕೂತು ಹಾಗೆ ತೋರಿಸುತ್ತಿತ್ತೋ? ಇಷ್ಟು ವರ್ಷ ಮಕ್ಕಳಿಗೆ ಕಪ್ಪು ನೆರಳು ಬರೆಸಿದ್ದೆನಲ್ಲ, ಆಗ ನನ್ನ ಕಣ್ಣು ಎಲ್ಲಿತ್ತು? ಮನೆಗೆ ಬಂದರೆ ತಲೆನೋವು.

ಆ ಶಾಲೆಯ ಮುಖ್ಯೋಪಾಧ್ಯಾಯರು ಈರನಗೌಡ ಸರ್. ಒಳ್ಳೆಯವರು, ಗಡಿಬಿಡಿಯವರು. ಒಂದು ದಿನ ನನ್ನನ್ನು ಕರೆದು ಹೊಸದಾಗಿ ಕಟ್ಟಿದ ಕಾಂಪೌಂಡ್ ಗೋಡೆ ತೋರಿಸಿದರು.

"ಜುಬೇದಾ ಮೇಡಂ, ಇದರ ಮ್ಯಾಲ ಸ್ವಚ್ಛತಾದ್ದು ಏನರ ಬರೀಬೇಕಾಗೈತಿ. ಮೇಲಿನ ಸಾಹೇಬ್ರು ನೋಡಾಕ ಬರ್ತಾರ. ಹುಡುಗರು ಜಳಕಾ ಮಾಡೂದು ಬರೀರಿ. ಕೆಳಗ 'ದಿನಾಲೂ ಸ್ನಾನ ಮಾಡಿರಿ' ಅಂತ ದೊಡ್ಡ ಅಕ್ಷರದಾಗ ಹಾಕ್ರಿ."

"ಹೊಳ್ಯಾಗ ಮಾಡೂದು ಬರೀಲ್ರಿ ಸರ್?"

"ಎಲ್ಲೆರ ಮಾಡ್ಲಿ ಮೇಡಂ, ಜಳಕಾ ಆದ್ರ ಆತು."

ಹೀಗೇ ಬರೆಯುತ್ತೇನೆಂದು ನಾನಾಗಿ ಕೇಳಿ ಮಾಡಿದ ಕೆಲಸ ಜೀವನದಲ್ಲಿ ಅದೊಂದೇ. ಬಿಳಿ ಡಿಸ್ಟೆಂಪರಿನ ಡಬ್ಬಿ, ಅದಕ್ಕೆ ಬೆರೆಸುವ ಸಣ್ಣ ಬಣ್ಣದ ಬಾಟಲಿಗಳು ತರಿಸಿ ಗೋಡೆಗೆ ನಿಂತೆ. ಕಪ್ಪಿನ ಬಾಟಲಿ ತರಿಸಲಿಲ್ಲ. ನೀರಿಗೆ ನೀಲಿ, ಹಸಿರು, ತಳದಲ್ಲಿ ಹೊಳೆಯ ಮಣ್ಣಿನ ಕಂದು. ಮಕ್ಕಳ ಮೈಗೆ ಎಲ್ಲ ಬಣ್ಣಗಳೂ ಸ್ವಲ್ಪ ಸ್ವಲ್ಪ. ಮುಖ ಬರೆಯಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುವಾಗ ಹೊಳೆಯಲ್ಲಿರುವವರ ಮುಖ ನಮಗೆ ಎಲ್ಲಿ ಕಾಣುತ್ತದೆ? ಎಲ್ಲ ಮುಗಿದ ಮೇಲೆ ಗೇಟಿನಿಂದ ನೋಡಿದರೆ ಏನೋ ಕಡಿಮೆ. ನೀರು ಬಕೀಟಿನಲ್ಲಿ ಕಲಸಿದ ಬಟ್ಟೆಯ ನೀಲಿಯಂತೆ ಸುಮ್ಮನೆ ಕೂತಿತ್ತು. ಮೊದಲು ಹಳದಿ ಹಚ್ಚಿ ನೋಡಿದೆ, ಕೂರಲಿಲ್ಲ. ಕೊನೆಗೆ ನೀರಿನ ನಡುವೆ ಕಿತ್ತಳೆ ಬಣ್ಣದ ಒಂದು ಗಟ್ಟಿ ಒರೆತ ಎಳೆದೆ. ಅದರ ಮೇಲೆ ಕೂದಲಿಗೆಂದು ಕಡುನೇರಳೆಯ ಒಂದು ಚುಕ್ಕೆ. ಎಳೆದು ಹಿಂದೆ ಸರಿದೆ. ನೀರೆಲ್ಲ ಒಮ್ಮೆಲೇ ಮಿಂಚಿತು. ಒಂದು ಬಣ್ಣ ಹಚ್ಚಿದರೆ ಅದರ ಪಕ್ಕದ್ದು ಏಕೆ ಹೊಳೆಯುತ್ತದೆ ಎಂದು ಪುಸ್ತಕಗಳಲ್ಲಿ ಕಾರಣ ಬರೆದಿರುತ್ತಾರೆ. ನನಗೆ ಅಂದು ಕಾರಣ ಬೇಕಾಗಿರಲಿಲ್ಲ.

ಈರನಗೌಡ ಸರ್ ಬಂದು ಮೂಗು ತಾಗುವಷ್ಟು ಹತ್ತಿರ ನಿಂತರು.

"ಮೇಡಂ, ಈ ಹುಡುಗಗ ಏನಾಗೈತ್ರಿ? ಮೈ ಮ್ಯಾಲ ಹಸರು ಎದ್ದೈತಿ."

"ಗೇಟಿನ ಕಡೆ ನಡ್ರಿ ಸರ್, ಅಲ್ಲಿಂದ ನೋಡ್ರಿ."

ಗೇಟಿಗೆ ಹೋಗಿ ತಿರುಗಿ ನೋಡಿದರು. "ಅರೆ, ಇದು ನಮ್ಮ ಹೊಳಿ ಅಲ್ಲೇನ್ರಿ" ಅಂದರು. ನಂಬಲಾಗದೆ ಮತ್ತೆ ಗೋಡೆಯ ಹತ್ತಿರ ಹೋದರು. "ಇಲ್ಲಿ ಬಂದ್ರ ಹೋಗಿಬಿಡತೈತಿ!" ಎಂದು ಕೂಗಿದರು. ಹಾಗೆ ಹೋಗುವುದು, ಬರುವುದು ಮಾಡುತ್ತಿದ್ದ ಮುಖ್ಯೋಪಾಧ್ಯಾಯರನ್ನು ನೋಡಿ ಮಕ್ಕಳೆಲ್ಲ ಕಿಟಕಿಗೆ ಬಂದರು.

ಊರಿನವರು ಬರತೊಡಗಿದರು. ಮುಖವಿಲ್ಲದ ಮಕ್ಕಳಿಗೆಲ್ಲ ಊರು ಹೆಸರಿಟ್ಟಿತು. ಒಬ್ಬ ಮುದುಕಿ, "ಇಂವ ನಮ್ಮ ಮೊಮ್ಮಗ, ಹೆಗಲಾ ನೋಡ್ರಿ" ಅಂದಳು. ಅದೇ ಹುಡುಗನನ್ನು ಇನ್ನೊಬ್ಬಾಕೆ ತನ್ನ ತಮ್ಮನೆಂದಳು. ನಾನು ಯಾರನ್ನೂ ಬರೆದಿಲ್ಲ ಎಂದರೆ ನಗುತ್ತಿದ್ದರು. ನನಗೂ ಹೆಮ್ಮೆ. ನಂತರ ಶಿವಪ್ಪ ಬಂದ.

ಶಿವಪ್ಪ ಈರುಳ್ಳಿ, ಗೋವಿನಜೋಳ ಬೆಳೆಯುವ ರೈತ, ಊರಲ್ಲಿ ಮಾತಿಗೆ ಬೆಲೆಯಿದ್ದವನು. ಅವನ ಮಗಳು ಸುಮಾ ನಮ್ಮಲ್ಲಿ ಎಂಟನೆಯ ತರಗತಿ. ಅವನು ಗೇಟಿನ ಹೊರಗೆ ಮೋಟಾರ್ ಸೈಕಲ್ ನಿಲ್ಲಿಸಿ, ಗೋಡೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ಅಕ್ಕಾರ, ನೀರಾಗ ನಿಂತಾಕಿ ಯಾರ್ರಿ?"

"ಯಾರೂ ಅಲ್ಲ ಶಿವಪ್ಪಣ್ಣ. ಅದು ಬರೇ ಬಣ್ಣ."

"ಕಿತ್ತಳಿ ಬಣ್ಣದ ಲಂಗಾ ಈ ಊರಾಗ ನನ್ನ ಮಗಳದ ಒಂದ ಐತ್ರಿ. ಅವರ ಮಾಮಾನ ಮದವಿಗೆ ಹೊಲಿಸಿದ್ದು. ಚಾದ ಅಂಗಡ್ಯಾಗ ಮಂದಿ ನಗತಾರ, ಶಿವಪ್ಪನ ಮಗಳು ಸಾಲಿ ಗ್ವಾಡಿ ಮ್ಯಾಲ ಜಳಕಾ ಮಾಡಾಕತ್ತಾಳ ಅಂತ. ದೊಡ್ಡಾಕಿ ಆಗ್ಯಾಳ್ರಿ ಅಕಿ."

"ಲಂಗಾ ಅಲ್ಲ ಅದು. ನೀರಿಗೆ ಎದುರ ಬಣ್ಣ ಬೇಕಾಗಿತ್ತು, ಹಚ್ಚೀನಿ."

"ನೀವು ಬಣ್ಣ ಅಂತೀರಿ, ಮಂದಿ ಬಣ್ಣ ಅನ್ನವಲ್ರು." ಅವನು ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು. "ನೀವು ಹೆಣ್ಮಕ್ಕಳು ಅದೀರಿ. ನಿಮಗರ ತಿಳಿಬೇಕಿತ್ತು."

ಮರುದಿನ ಸುಮಾ ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಈರನಗೌಡ ಸರ್ ಅವಸರ ಮಾಡಿದರು. "ಒಂದು ಚುಕ್ಕಿ ತಗೀರಿ ಮೇಡಂ, ಮುಗೀತು." ಸರಳವೇ. ಕೈ ತೊಳೆಯುವಷ್ಟರ ಕೆಲಸ. ಆದರೆ ಡಬ್ಬಿ ತೆಗೆದು ಗೋಡೆಯ ಮುಂದೆ ನಿಂತರೆ ನನಗೆ ಕೈ ಬರಲಿಲ್ಲ. ತೆಗೆದರೆ ನೀರು ಸಾಯುತ್ತದೆ ಎಂಬುದು ಒಂದು. ಇನ್ನೊಂದು, ತೆಗೆದರೆ ಅದು ಸುಮಾಳೇ ಆಗಿತ್ತು ಎಂದು ಒಪ್ಪಿದಂತಾಗುತ್ತದೆ. ತೆಗೆಯದಿದ್ದರೆ ಒಬ್ಬ ಹುಡುಗಿಯ ಓದು ಹೋಗುತ್ತದೆ. ಒಂದು ಒರೆತಕ್ಕಾಗಿ ಒಂದು ಮಗುವೇ? ಇನ್ನೂ ಒಂದು ಅನುಮಾನ ನನ್ನನ್ನು ಕಾಡಿತು. ಸುಮಾ ಆ ಲಂಗ ಹಾಕಿಕೊಂಡು ಶಾಲೆಯ ಕಾರ್ಯಕ್ರಮಕ್ಕೆ ಬಂದದ್ದನ್ನು ನಾನು ಕಂಡಿದ್ದೆ. ಕುಂಚ ಅದ್ದುವಾಗ ಅದು ನನ್ನ ತಲೆಯಲ್ಲಿತ್ತೇ? ಇರಲಿಲ್ಲ ಎಂದು ಆಣೆ ಮಾಡಿ ಹೇಳಲು ನನಗೆ ಆಗುತ್ತಿರಲಿಲ್ಲ. ಇತ್ತು ಎಂದೂ ಹೇಳಲಾರೆ.

ಕೊನೆಗೆ ಅವರ ಮನೆಗೆ ಹೋದೆ. ಶಿವಪ್ಪ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಚಹಾಕ್ಕಿಡಲು ಒಳಗೆ ಹೋದಳು. ಸುಮಾ ಅಂಗಳದಲ್ಲಿ ಮೊರ ಹಿಡಿದು ಕಡಲೆ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತವಳು, ಕುಶಲ ಕೇಳುವ ಮೊದಲೇ ಕೇಳಿದಳು:

"ಅಕ್ಕಾರ, ಅದು ನಾನ ಏನ್ರಿ?"

ಅವಳಿಗೆ ಸಮಾಧಾನವಾಗಲಿ ಎಂದು ಬೇಗ ಹೇಳಿದೆ: "ಅಲ್ಲ ಯವ್ವಾ. ನೀ ಅಲ್ಲ. ಯಾರೂ ಅಲ್ಲ ಅದು."

ಅವಳ ಮುಖ ಬಾಡಿತು. ಮೊರದ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ನಾನ ಅಂತ ತಿಳದಿದ್ನಿರಿ" ಅಂದಳು. "ಹೋದ ವರ್ಷದಿಂದ ನನ್ನ ಹೊಳಿಗಿ ಕಳಸೂದಿಲ್ರಿ. ತಮ್ಮ ಹೋಗತಾನ, ಅಣ್ಣ ಹೋಗತಾನ. ನಂಗ ಈಸು ಬರತೈತ್ರಿ, ಅಣ್ಣಗಿಂತ ಚಲೋ ಬರತೈತಿ. ಗ್ವಾಡಿ ಮ್ಯಾಲರ ಅದೀನಲ್ಲ ಅಂತ ದಿನಾ ನೋಡತಿದ್ದೆ."

ಅಷ್ಟೊಂದು ಭಾನುವಾರ ಜಾಲಿ ಮರದ ಕೆಳಗೆ ಕೂತು ಬೆನ್ನಿನ ನೀಲಿ, ಗದ್ದದ ಹಳದಿ ನೋಡಿದ್ದೆ. ನೀರಿನಲ್ಲಿ ಇದ್ದವರೆಲ್ಲ ಹುಡುಗರು, ಬಿಟ್ಟರೆ ತೀರ ಸಣ್ಣ ಹುಡುಗಿಯರು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಾನೂ ಗಜೇಂದ್ರಗಡದಲ್ಲಿ ಒಂದು ವಯಸ್ಸಿಗೆ ಈಜು ಬಿಟ್ಟು ಬಾವಿಯ ಮೆಟ್ಟಿಲಿನಿಂದ ಎದ್ದು ಬಂದವಳೇ.

"ಇಟ್ಟುಬಿಡ್ಲೇನು ಹಂಗಾರ?" ಎಂದು ಕೇಳಿದೆ. ಎಂಟನೆಯ ತರಗತಿಯ ಹುಡುಗಿಯನ್ನು ಕೇಳುವ ಪ್ರಶ್ನೆಯಲ್ಲ ಅದು. ಆದರೆ ಬೇರೆ ಯಾರನ್ನು ಕೇಳಲಿ?

ಅವಳು ಕಡಲೆಯೊಳಗಿನ ಒಂದು ಕಲ್ಲು ಆರಿಸಿ ಎಸೆದಳು. "ತಗದಬಿಡ್ರಿ ಅಕ್ಕಾರ. ನನಗ ಸಾಲಿ ಬೇಕ್ರಿ."

ಭಾನುವಾರ ಬೆಳಿಗ್ಗೆ ಶಿವಪ್ಪ ಮಗಳನ್ನು ಕರೆದುಕೊಂಡು ಶಾಲೆಗೆ ಬಂದ. ತೆಗೆಯುವುದನ್ನು ಕಣ್ಣಾರೆ ನೋಡಬೇಕೆಂದಿದ್ದ. ನಾನು ನೀಲಿಗೆ ಸ್ವಲ್ಪ ಹಸಿರು ಬೆರೆಸಿ ಕಿತ್ತಳೆ, ಕಡುನೇರಳೆ ಎರಡರ ಮೇಲೂ ಎಳೆದೆ. ಒಂದೇ ಸಲಕ್ಕೆ ಮುಚ್ಚಲಿಲ್ಲ, ಒಣಗಲು ಬಿಟ್ಟು ಮತ್ತೆ ಎಳೆದೆ. ಸುಮಾ ಡಬ್ಬಿ ಹಿಡಿದುಕೊಂಡು ನಿಂತಿದ್ದಳು.

"ಆತ್ರಿ ಶಿವಪ್ಪಣ್ಣ. ಗೇಟಿಗೆ ಹೋಗಿ ನೋಡ್ರಿ."

ಅವನು ಹೋಗಿ ನಿಂತ. ನೋಡಿದ. ಟೋಪಿ ತೆಗೆದು ಬೆವರು ಒರೆಸಿಕೊಂಡು ಮತ್ತೆ ನೋಡಿದ.

"ಈಗ ಯಾಕೋ ಎಲ್ಲಾ ಹುಡುಗರೂ ಥಂಡ್ಯಾಗ ನಡಗಾಕತ್ತಂಗ ಕಾಣತೈತಲ್ರಿ" ಅಂದ.

ನಾನೂ ಹೋಗಿ ಅವನ ಪಕ್ಕ ನಿಂತೆ. ಹೌದು. ಹುಡುಗರನ್ನು ನಾನು ಮುಟ್ಟಿರಲೇ ಇಲ್ಲ. ಆದರೂ ಅವರ ಬೆನ್ನ ಮೇಲಿನ ಬಿಸಿಲು ಇಳಿದುಹೋಗಿತ್ತು.

"ಬ್ಯಾರೆ ಏನರ ಬಣ್ಣ ಹಚ್ರಿ ಅಲ್ಲಿ."

"ಹಳದಿ ಹಚ್ಚಿ ನೋಡೀನ್ರಿ ಮೊದಲ. ಕುಂದ್ರವಲ್ದು. ಕಿತ್ತಳೀನ ಬೇಕು."

ಅವನು ಗೋಡೆ ನೋಡಿದ, ಮಗಳನ್ನು ನೋಡಿದ. ಅವಳು ಡಬ್ಬಿ ಕೆಳಗಿಟ್ಟು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಲ್ಲಿಂದ ಹುಡುಗರ ಕೂಗು ಕೇಳುತ್ತಿತ್ತು. ಅವಳ ತಮ್ಮನದೂ ಇದ್ದಿರಬೇಕು.

"ದಂಡಿ ಮ್ಯಾಲ ಕುಂದ್ರಸ್ರಿ ಹಂಗಾರ" ಎಂದ ಶಿವಪ್ಪ, ನನ್ನ ಮುಖ ನೋಡದೆ. "ನೀರಾಗ ಬ್ಯಾಡ. ದಂಡಿ ಮ್ಯಾಲ ಕುಂತ್ರ ಯಾರೂ ಏನೂ ಅನ್ನೂದಿಲ್ಲ."

ಸುಮಾ ತಿರುಗಿದಳು. "ಕಾಲರ ನೀರಾಗ ಇರಲಿ ಅಪ್ಪಾ."

ಅವನು ಟೋಪಿಯನ್ನು ಮಡಚಿದ, ಬಿಚ್ಚಿದ.

"ಕಾಲಷ್ಟ" ಅಂದ.

ಸುಮಾ ಸೋಮವಾರದಿಂದ ಶಾಲೆಗೆ ಬಂದಳು, ಹತ್ತನೆಯದನ್ನೂ ಅಲ್ಲಿಯೇ ಮುಗಿಸಿದಳು. ಗೋಡೆಯನ್ನು ನೋಡಲು ಬಂದ ಸಾಹೇಬರು ಕೆಳಗಿನ ಅಕ್ಷರ ಮಾತ್ರ ಓದಿ, ಚೆನ್ನಾಗಿದೆ ಅಂದರು. ಈಗ ಆ ಚಿತ್ರವಿಲ್ಲ. ಒಂದು ವರ್ಷ ಹೊಳೆ ಕೊಣ್ಣೂರಿನ ಸೇತುವೆ ಹತ್ತಿ ನಮ್ಮ ಶಾಲೆಯ ಅಂಗಳಕ್ಕೂ ಬಂತು. ಗೋಡೆಯ ಅರ್ಧ ಬಣ್ಣ ಅದರ ಜೊತೆ ಹೋಯಿತು. ಉಳಿದರ್ಧದ ಮೇಲೆ ಈಗ ರೈಲು ಡಬ್ಬಿ ಬರೆಸಿದ್ದಾರಂತೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಹೊಸಬರು ಕೇಳಬಹುದು. ಹೆದರಿ ಹಿಂದೆ ಸರಿದೆನೋ, ಒಂದಿಷ್ಟಾದರೂ ಉಳಿಸಿಕೊಂಡೆನೋ, ಇಂದಿಗೂ ಗೊತ್ತಿಲ್ಲ. ಆ ಭಾನುವಾರ ಉಳಿದದ್ದನ್ನು ಹೇಳಿ ಮುಗಿಸುತ್ತೇನೆ.

ದಂಡೆಯ ಕಲ್ಲಿನ ಮೇಲೆ ಕಿತ್ತಳೆಯನ್ನು ಕೂರಿಸಿದೆ. ನೀರು ಅಷ್ಟಿಷ್ಟು ಮಿಂಚಿತು, ಮೊದಲಿನಷ್ಟಲ್ಲ. ಕಾಲು ಬರೆಯುವ ಹೊತ್ತಿಗೆ ಕುಂಚವನ್ನು ಸುಮಾಳ ಕೈಗೆ ಕೊಟ್ಟೆ. ಅವಳು ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು:

"ನೀರೊಳಗಿನ ಕಾಲು ಯಾವ ಬಣ್ಣ ಇರತಾವ್ರಿ ಅಕ್ಕಾರ?"

ಮೊದಲಾಗಿದ್ದರೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತಿತ್ತು. "ನಂಗ ಗೊತ್ತಿಲ್ಲ ಯವ್ವಾ" ಅಂದೆ.

ಅವಳು ತಂದೆಯ ಮುಖ ನೋಡಿದಳು. ಶಿವಪ್ಪ ಮೋಟಾರ್ ಸೈಕಲ್ಲಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೊಳೆಯ ಕಡೆ ನೋಡಿದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, "ನಡಿ, ಲಗೂ ನೋಡ್ಕೊಂಡ ಬರೂಣು" ಅಂದ. ಇಬ್ಬರೂ ಇಳಿಜಾರಿನಲ್ಲಿ ಇಳಿದರು. ಅವನು ಮುಂದೆ, ಅವಳು ಹಿಂದೆ. ನಾನು ಗೇಟಿನಲ್ಲೇ ನಿಂತೆ. ಜಾಲಿ ಮರಗಳ ಸಂದಿಯಲ್ಲಿ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತದ್ದು ಕಂಡಿತು. ಅಷ್ಟು ದೂರದಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ, ಹೊಳಪಿನ ನಡುವೆ ಎರಡು ಕಲೆ. ಬೇಗ ಬರುತ್ತೇವೆಂದವರು ಬಹಳ ಹೊತ್ತು ಬರಲೇ ಇಲ್ಲ. ಕಲಸಿದ ಬಣ್ಣಕ್ಕೆ ಕೆನೆ ಕಟ್ಟಿತು.

ಬಂದಾಗ ಸುಮಾಳ ಲಂಗದ ಅಂಚು ತೊಯ್ದು ಕಾಲಿಗೆ ಅಂಟಿತ್ತು. ಶಿವಪ್ಪನ ಧೋತರವೂ ಮೊಳಕಾಲಿನವರೆಗೆ ತೊಯ್ದಿತ್ತು.

"ಯಾವ ಬಣ್ಣ ಇತ್ತು?" ಎಂದು ಕೇಳಿದೆ.

ಅವಳು ನಕ್ಕಳು. "ತಿಳೀಲಿಲ್ರಿ ಅಕ್ಕಾರ. ಭಾಳ ಅಳಗ್ಯಾಡತಿದ್ವು."